ಪರಿಷ್ಕಾರಕ ಕಂಪೈಲರುಗಳಲ್ಲಿ ದೋಷಶೋಧನೆ: ದತ್ತಾಂಶ ಪ್ರವಾಹ ವಿಶ್ಲೇಷಣೆಯ ಒಂದು ಚಾರಿತ್ರಿಕ ಅವಲೋಕನ

ಮನುಷ್ಯನು ಓದಿ ತಿಳಿಯಬಲ್ಲ ಭಾಷೆಯಲ್ಲಿ ಬರೆದ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಗಣಕಯಂತ್ರವು ನಡೆಸಬಲ್ಲ ಆದೇಶಗಳ ಸಾಲಾಗಿ ಮಾರ್ಪಡಿಸುವ ಸಾಧನವೇ ಕಂಪೈಲರ್. ಕಂಡದ್ದನ್ನು ಕಂಡಂತೆ ಮಾರ್ಪಡಿಸುವುದಷ್ಟೇ ಅದರ ಹೊಣೆಯಾಗಿದ್ದರೆ ಅದರ ಚರಿತ್ರೆ ಇಷ್ಟು ತೊಡಕಿನದಾಗುತ್ತಿರಲಿಲ್ಲ. ಅದು ಮೂಲವನ್ನು ತಿದ್ದುತ್ತದೆ. ಎರಡು ಬಾರಿ ಮಾಡಿದ ಲೆಕ್ಕವನ್ನು ಒಂದಕ್ಕೆ ಇಳಿಸುತ್ತದೆ. ಯಾರೂ ಓದದ ಫಲವನ್ನು ಕೊಡುವ ಆದೇಶವನ್ನು ಅಳಿಸುತ್ತದೆ. ಲೂಪಿನ ಒಳಗೆ ಸಾವಿರ ಸಲ ನಡೆಯುತ್ತಿದ್ದ ಗುಣಾಕಾರವನ್ನು ಹೊರಗೆ ತಂದು ಒಂದೇ ಸಲ ನಡೆಯುವಂತೆ ಮಾಡುತ್ತದೆ. ಆಪ್ಟಿಮೈಸೇಶನ್ ಎಂದು ಕರೆಯಲಾಗುವ ಈ ಕ್ರಿಯೆಯನ್ನು ಇಲ್ಲಿ ಪರಿಷ್ಕಾರವೆಂದೂ, ಪಾಸ್ ಎಂಬ ಅದರ ಒಂದೊಂದು ಹಂತವನ್ನು ಸುತ್ತು ಎಂದೂ ಹೆಸರಿಸಲಾಗಿದೆ. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಇಲ್ಲಿಯ ಕಷ್ಟ ಹೊಸದಾಗಿ ತೋರದು. ಓಲೆಗರಿಯನ್ನು ಯಾಂತ್ರಿಕವಾಗಿ ಪ್ರತಿ ಮಾಡಿದ ಲಿಪಿಕಾರನ ಕೈತಪ್ಪು ಅರ್ಥಕೆಟ್ಟ ಪದವಾಗಿ ಕಣ್ಣಿಗೆ ಬೀಳುತ್ತದೆ. ಅರ್ಥ ತಿಳಿದು ತಿದ್ದಹೊರಟ ಲಿಪಿಕಾರನ ತಪ್ಪು ಸರಿಯಾದ ಪಾಠದಂತೆಯೇ ಓದಿಸಿಕೊಂಡು ಹೋಗುತ್ತದೆ.

ತಿದ್ದುವ ಮೊದಲು ತಿಳಿವು ಬೇಕು. ಒಂದು ಚರಾಕ್ಷರದಲ್ಲಿ ಇಟ್ಟ ಮೌಲ್ಯವು ಎಲ್ಲಿಯವರೆಗೆ ತಲುಪುತ್ತದೆ, ಮುಂದೆ ಅದನ್ನು ಬಳಸುವ ಸ್ಥಳವಿದೆಯೇ, ನಡುವಣ ಯಾವುದಾದರೂ ಹಾದಿಯಲ್ಲಿ ಅದು ಬದಲಾಗಬಹುದೇ ಎಂಬ ಪ್ರಶ್ನೆಗಳಿಗೆ, ಕ್ರಮವಿಧಿಯನ್ನು ನಡೆಸದೆಯೇ, ಅದರ ಎಲ್ಲ ಹಾದಿಗಳಿಗೂ ಸಲ್ಲುವಂತೆ ಉತ್ತರ ಕಂಡುಕೊಳ್ಳುವ ವಿಧಾನವೇ ದತ್ತಾಂಶ ಪ್ರವಾಹ ವಿಶ್ಲೇಷಣೆ. ಈ ವಿಶ್ಲೇಷಣೆ ಎರಡು ಬಗೆಯಲ್ಲಿ ತಪ್ಪಬಹುದು. ಇಲ್ಲದ ಸಂಗತಿಯನ್ನು ಇದೆಯೆಂದರೆ ಅದನ್ನು ನಂಬಿದ ಪರಿಷ್ಕಾರವು ಕ್ರಮವಿಧಿಯ ಅರ್ಥವನ್ನೇ ಕೆಡಿಸುತ್ತದೆ. ಇರುವ ಸಂಗತಿಯನ್ನು ಹೇಳದೆ ಉಳಿದರೆ ಆಗಬಹುದಾಗಿದ್ದ ಪರಿಷ್ಕಾರ ಆಗುವುದಿಲ್ಲ, ಅಷ್ಟೆ. ಫಲಿತಾಂಶ ಸರಿಯಾಗಿಯೇ ಇರುವುದರಿಂದ ಯಾವ ಪರೀಕ್ಷೆಯೂ ಅದನ್ನು ತೋರಿಸಿಕೊಡುವುದಿಲ್ಲ. ಮೊದಲನೆಯ ತಪ್ಪಾದರೂ ಹುಟ್ಟಿದ ಜಾಗದಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಅನುಮಾನ ಯಾರಿಗೂ ಮೊದಲಿಗೆ ಬರುವುದಿಲ್ಲ. ಕ್ರಮವಿಧಿಯನ್ನು ಬರೆದವನು ತನ್ನ ಬರಹದಲ್ಲಿಯೇ ತಪ್ಪನ್ನು ಹುಡುಕುತ್ತ ದಿನಗಳನ್ನು ಕಳೆಯುತ್ತಾನೆ. 1954ರಿಂದ ಈಚಿನ ಚರಿತ್ರೆಯನ್ನು ಅವಲೋಕಿಸಿದರೆ, ಈ ದೋಷಗಳ ನೆಲೆಯು ಒಂದೊಂದು ಸುತ್ತಿನ ಒಳಗಿನಿಂದ ಕ್ರಮೇಣ ಸುತ್ತು ಸುತ್ತುಗಳ ನಡುವಣ ಅಲಿಖಿತ ಒಪ್ಪಂದಕ್ಕೆ ಸರಿದಿರುವುದನ್ನು ಗುರುತಿಸಬಹುದಾಗಿದೆ.

ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಅವರ ಮುಂದಾಳುತನದಲ್ಲಿ 1954ರಲ್ಲಿ ಆರಂಭವಾಗಿ 1957ರ ಏಪ್ರಿಲ್‌ನಲ್ಲಿ ಬಳಕೆದಾರರ ಕೈಸೇರಿದ ಫೋರ್ಟ್ರಾನ್ ಕಂಪೈಲರಿನಿಂದ ಈ ಚರಿತ್ರೆ ತೊಡಗುತ್ತದೆ. ಐಬಿಎಂ 704 ಯಂತ್ರಕ್ಕಾಗಿ ಸಿದ್ಧವಾದ ಈ ಕಂಪೈಲರಿನಲ್ಲಿ ಆರು ಭಾಗಗಳಿದ್ದವು. ಲೂಪುಗಳನ್ನೂ ಸೂಚ್ಯಂಕಗಳ ಲೆಕ್ಕವನ್ನೂ ಪರಿಷ್ಕರಿಸುವ ಎರಡನೆಯ ಭಾಗವನ್ನು ರಾಬರ್ಟ್ ನೆಲ್ಸನ್ ಮತ್ತು ಇರ್ವಿಂಗ್ ಝಿಲ್ಲರ್ ರಚಿಸಿದರು. ಕ್ರಮವಿಧಿಯ ಹಾದಿಗಳನ್ನು ವಿಶ್ಲೇಷಿಸಿ ಯಾವ ಖಂಡ ಎಷ್ಟು ಬಾರಿ ನಡೆದೀತೆಂದು ಯಾದೃಚ್ಛಿಕ ಪ್ರಯೋಗದಿಂದ ಅಂದಾಜಿಸುವ ನಾಲ್ಕನೆಯ ಭಾಗ ಲೋಯಿಸ್ ಹೈಟ್ ಅವರ ಕೃತಿ. 1956ರಲ್ಲಿ ದೋಷಶೋಧನೆಯ ಹಂತ ಬಂದಾಗ, ಯಂತ್ರವು ರಾತ್ರಿ ಹೊತ್ತು ಹೆಚ್ಚಾಗಿ ಬಿಡುವಾಗಿರುತ್ತಿದ್ದುದರಿಂದ, ತಂಡದವರು ನ್ಯೂಯಾರ್ಕಿನ 56ನೆಯ ಬೀದಿಯ ಲ್ಯಾಂಗ್ಡನ್ ಹೋಟೆಲಿನಲ್ಲಿ ಕೊಠಡಿಗಳನ್ನು ಹಿಡಿದು ಹಗಲು ಸ್ವಲ್ಪ ನಿದ್ರಿಸಿ ಇರುಳಿಡೀ ಯಂತ್ರದ ಮುಂದೆ ಕಳೆದುದನ್ನು ಬ್ಯಾಕಸ್ 1978ರಲ್ಲಿ ನೆನಪಿಸಿಕೊಂಡಿದ್ದಾರೆ. ಅದೇ ನೆನಪಿನಲ್ಲಿ ಅವರು ದಾಖಲಿಸಿದ ಇನ್ನೊಂದು ಸಂಗತಿಯು ಹೆಚ್ಚು ಮಹತ್ವದ್ದು. ಕಂಪೈಲರ್ ಹೊರಹಾಕಿದ ಆದೇಶಗಳನ್ನು ಕಂಡು ಅದನ್ನು ಕಟ್ಟಿದವರೇ ಬೆರಗಾಗುತ್ತಿದ್ದರು. ಮೂಲದ ಯಾವ ವಾಕ್ಯಕ್ಕೂ ಹೊಂದದ ಜಿಗಿತಗಳು ಅಲ್ಲಿ ಕಾಣುತ್ತಿದ್ದವು. ಒಂದೇ ಲೂಪ್ ವಾಕ್ಯವು ಒಂದೆಡೆ ಒಂದೂ ಆದೇಶವನ್ನು ಹುಟ್ಟಿಸದೆ, ಮತ್ತೊಂದೆಡೆ ಹಲವು ಜಾಗಗಳಲ್ಲಿ ಹಲವು ಆದೇಶಗಳನ್ನು ಹುಟ್ಟಿಸುತ್ತಿತ್ತು. ಜಾಣತನ ಯಾವುದು, ದೋಷ ಯಾವುದು ಎಂದು ಹೊರನೋಟಕ್ಕೆ ಬೇರ್ಪಡಿಸಲಾಗದ ಈ ಸ್ಥಿತಿ ಪರಿಷ್ಕಾರಕ ಕಂಪೈಲರಿನ ಜೊತೆಗೇ ಹುಟ್ಟಿದುದೆಂಬುದು ಇದರಿಂದ ವಿದಿತವಾಗುತ್ತದೆ. ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್-ಬೆಟಿಸ್ ಪ್ರಯೋಗಾಲಯಕ್ಕೆ ಕೈಪಿಡಿಯಿಲ್ಲದೆ ಬರಿಯ ಕಾರ್ಡುಗಳ ಕಟ್ಟಾಗಿ ತಲುಪಿದ ಪ್ರತಿಯು ತನಗೆ ಕೊಟ್ಟ ಮೊದಲ ಕ್ರಮವಿಧಿಯಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿರುವುದನ್ನು ಎತ್ತಿ ತೋರಿಸಿತಂತೆ. ಆ ಸಲ ತಪ್ಪು ಮನುಷ್ಯನದೇ ಆಗಿತ್ತು.

ದತ್ತಾಂಶ ಪ್ರವಾಹವನ್ನು ಲೆಕ್ಕಹಾಕುವ ಪ್ರಯತ್ನ ಮೊದಲಿಗೆ ಪರಿಷ್ಕಾರಕ್ಕಿಂತ ಮಿಗಿಲಾಗಿ ಬರೆಹಗಾರರ ತಪ್ಪನ್ನು ಹಿಡಿಯುವ ಉದ್ದೇಶದಿಂದ ನಡೆದದ್ದು ಗಮನಾರ್ಹ. 1960ರ ದಶಕದ ಮೊದಲ ವರ್ಷಗಳಲ್ಲಿ ಬೆಲ್ ಪ್ರಯೋಗಾಲಯದ ವಿಕ್ಟರ್ ವಿಸೋಟ್ಸ್ಕಿ ಅವರು, ಮೌಲ್ಯ ಕೊಡುವ ಮೊದಲೇ ಓದಲಾಗುವ ಚರಾಕ್ಷರಗಳನ್ನು ಪತ್ತೆಮಾಡಲು ಇಂಥ ವಿಧಾನವನ್ನು ಬಳಸಿದರು. ಪರಿಷ್ಕಾರಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಮೊದಲ ಹೆಸರು ಫ್ರಾನ್ಸಿಸ್ ಅಲೆನ್ ಅವರದು. 1957ರಲ್ಲಿ ಐಬಿಎಂ ಸೇರಿ, ಅಲ್ಲಿಯ ವಿಜ್ಞಾನಿಗಳಿಗೆ ಫೋರ್ಟ್ರಾನ್ ಕಲಿಸುವ ಕೆಲಸದಿಂದ ತೊಡಗಿದ ಅವರು 1970ರಲ್ಲಿ ನಿಯಂತ್ರಣದ ಹಾದಿಗಳ ವಿಶ್ಲೇಷಣೆಯನ್ನೂ, 1976ರಲ್ಲಿ ಜಾನ್ ಕಾಕ್ ಅವರೊಡನೆ ದತ್ತಾಂಶ ಪ್ರವಾಹದ ವಿಧಾನವನ್ನೂ ಪ್ರಕಟಿಸಿದರು. 2006ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

1973ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಸಮ್ಮೇಳನದಲ್ಲಿ ಗ್ಯಾರಿ ಕಿಲ್ಡಾಲ್ ಅವರು ಮಂಡಿಸಿದ ಪ್ರಬಂಧ ಈ ಕ್ಷೇತ್ರದ ತಿರುವು. ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯ ಕರ್ತೃವಾಗಿ ಮುಂದೆ ಪ್ರಸಿದ್ಧರಾದ ಕಿಲ್ಡಾಲ್ ಆಗ ಮಾಂಟೆರೆಯ ನೌಕಾ ಸ್ನಾತಕೋತ್ತರ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಒಂದೊಂದು ಪರಿಷ್ಕಾರಕ್ಕೂ ಒಂದೊಂದು ವಿಧಾನವನ್ನು ಹೊಸದಾಗಿ ಹೆಣೆಯುವ ಬದಲು, ಸಂಗತಿಗಳನ್ನು ಲ್ಯಾಟಿಸ್ ಎಂಬ ಗಣಿತ ರಚನೆಯಲ್ಲಿ ಹೆಚ್ಚು ಖಚಿತ, ಕಡಿಮೆ ಖಚಿತ ಎಂಬ ಕ್ರಮದಲ್ಲಿ ಅಣಿಗೊಳಿಸಿ, ಹಾದಿಗಳು ಕೂಡುವಲ್ಲಿ ಎರಡೂ ಕಡೆ ನಿಜವಾದುದನ್ನು ಮಾತ್ರ ಉಳಿಸಿಕೊಂಡು, ಇನ್ನು ಏನೂ ಬದಲಾಗದ ಸ್ಥಿರಬಿಂದು ಬರುವವರೆಗೆ ಸುತ್ತಿ ಬರುವ ಒಂದೇ ಸಾಮಾನ್ಯ ವಿಧಾನವನ್ನು ಅವರು ತೋರಿಸಿದರು. ದೋಷಶೋಧನೆಯ ದೃಷ್ಟಿಯಿಂದ ಇದರ ಲಾಭ ದೊಡ್ಡದು. ಸುತ್ತಿಬರುವ ತಂತ್ರಾಂಶ ಒಂದೇ ಆದ್ದರಿಂದ ಅದನ್ನು ಒಮ್ಮೆ ಸರಿಪಡಿಸಿದರೆ ಸಾಕು. ಮುಂದಿನ ತಪ್ಪುಗಳೆಲ್ಲ ಒಂದೊಂದು ಆದೇಶವು ಸಂಗತಿಯನ್ನು ಹೇಗೆ ಬದಲಿಸುತ್ತದೆಂಬ ಸೂತ್ರಗಳಲ್ಲಿ ಮಾತ್ರ ಇರಬಲ್ಲವು.

ಈ ವಿಧಾನ ಕೊಡುವ ಉತ್ತರದ ಸ್ವರೂಪವೇನೆಂಬುದನ್ನು ಜಾನ್ ಕಾಮ್ ಮತ್ತು ಜೆಫ್ರಿ ಉಲ್ಮನ್ 1977ರಲ್ಲಿ ಸ್ಪಷ್ಟಪಡಿಸಿದರು. ಒಂದು ಕವಲಿನಲ್ಲಿ ಕ ಎಂಬುದಕ್ಕೆ 2, ಚ ಎಂಬುದಕ್ಕೆ 3 ಎಂದೂ, ಇನ್ನೊಂದು ಕವಲಿನಲ್ಲಿ ಕ ಎಂಬುದಕ್ಕೆ 3, ಚ ಎಂಬುದಕ್ಕೆ 2 ಎಂದೂ ಮೌಲ್ಯ ಬಂದು, ಕವಲುಗಳು ಕೂಡಿದ ಮೇಲೆ ಎರಡನ್ನೂ ಕೂಡಿಸಲಾಯಿತೆನ್ನೋಣ. ಯಾವ ಹಾದಿಯಲ್ಲಿ ಬಂದರೂ ಮೊತ್ತ 5. ಆದರೆ ಕೂಡುವೆಡೆಯಲ್ಲಿ ಕ ಸ್ಥಿರವಲ್ಲ, ಚ ಸ್ಥಿರವಲ್ಲ ಎಂದು ಬರೆದುಕೊಂಡ ವಿಶ್ಲೇಷಣೆಗೆ ಮೊತ್ತವೂ ತಿಳಿಯದು. ವಿಭಾಜಕ ನಿಯಮವನ್ನು ಪಾಲಿಸದ ವಿಶ್ಲೇಷಣೆಗಳು ಸುಳ್ಳು ಹೇಳುವುದಿಲ್ಲ, ನಿಜವನ್ನೆಲ್ಲ ಹೇಳುವುದೂ ಇಲ್ಲ. ಎಲ್ಲ ಹಾದಿಗಳನ್ನೂ ಬೇರೆ ಬೇರೆಯಾಗಿ ಪರಿಗಣಿಸಿದ ಪರಿಪೂರ್ಣ ಉತ್ತರವನ್ನು ಸರ್ವಸಂದರ್ಭಗಳಲ್ಲಿ ಕೊಡುವ ಗಣನವಿಧಾನವೇ ಇರಲಾರದೆಂದೂ ಅವರು ಸಾಧಿಸಿ ತೋರಿಸಿದರು. ಹೀಗಾಗಿ ವಿಶ್ಲೇಷಣೆಯ ಮೌನವು ದೋಷವೋ ಸಹಜ ಮಿತಿಯೋ ಎಂಬ ಪ್ರಶ್ನೆ ಮುಂದೆ ಬಹುಕಾಲ ಉತ್ತರವಿಲ್ಲದೆ ಉಳಿಯಿತು.

ಫ್ರಾನ್ಸಿನ ಮೊರೆಲ್ ಮತ್ತು ರೆನ್ವಾಯ್ಸ್ 1979ರಲ್ಲಿ ಪ್ರಕಟಿಸಿದ ಪರಿಷ್ಕಾರವೊಂದರ ಮುಂದಿನ ಕಥೆಯಲ್ಲಿ ಬೆಂಗಳೂರಿಗೆ ಪಾಲಿದೆ. ಕೆಲವು ಹಾದಿಗಳಲ್ಲಿ ಮಾತ್ರ ಪುನರಾವರ್ತನೆಯಾಗುವ ಲೆಕ್ಕವನ್ನು, ಉಳಿದ ಹಾದಿಗಳಲ್ಲಿ ಅದನ್ನು ಸೇರಿಸುವ ಮೂಲಕ, ಪೂರ್ಣ ಪುನರಾವರ್ತನೆಯಾಗಿಸಿ ಅಳಿಸುವುದು ಅದರ ಉಪಾಯ. ಅದರ ಸಮೀಕರಣಗಳಲ್ಲಿ ಸಂಗತಿಗಳು ಏಕಕಾಲಕ್ಕೆ ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಹರಿಯುತ್ತಿದ್ದುದರಿಂದ ಒಂದು ತಪ್ಪು ಉತ್ತರದ ಮೂಲವನ್ನು ಕೈಯಿಂದ ಹಿಂಬಾಲಿಸುವುದು ಪ್ರಯಾಸದ್ದಾಗಿತ್ತು. ಹಲವು ಕವಲುಗಳುಳ್ಳ ಖಂಡದಿಂದ ಹಲವು ಹಾದಿಗಳು ಕೂಡುವ ಖಂಡಕ್ಕೆ ನೇರವಾಗಿ ಹೋಗುವ ದಾರಿಯ ಮೇಲೆ ಲೆಕ್ಕವನ್ನು ಇಡಲು ಜಾಗವಿಲ್ಲದಿರುವುದು ಇನ್ನೊಂದು ತೊಡಕು. ಮುಂಬಯಿಯ ಐಐಟಿಯಲ್ಲಿ ಧಾಮಧೇರೆ ಮತ್ತು ಉದಯ ಖೇಡ್ಕರ್ ಅವರು ಇಂಥ ದ್ವಿಮುಖ ಪ್ರವಾಹದ ಸಿದ್ಧಾಂತವನ್ನು 1994ರಲ್ಲಿ ಸಾಮಾನ್ಯೀಕರಿಸಿದರು. 1992ರಲ್ಲಿ ಜರ್ಮನಿಯ ಕ್ನೂಪ್, ರ‍್ಯೂಟಿಂಗ್ ಮತ್ತು ಸ್ಟೆಫೆನ್ ಅದೇ ಕಾರ್ಯವನ್ನು ಏಕಮುಖ ವಿಶ್ಲೇಷಣೆಗಳಾಗಿ ಒಡೆದು ತೋರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ.ಕೆ. ಪಾಲೇರಿ, ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಅವರು 1998ರಲ್ಲಿ ಪ್ರಕಟಿಸಿ 2003ರಲ್ಲಿ ವಿಸ್ತರಿಸಿದ ವಿಧಾನವು ನಾಲ್ಕು ಏಕಮುಖ ವಿಶ್ಲೇಷಣೆಗಳಿಂದ ಕೂಡಿದುದು. ಸುರಕ್ಷತೆಯನ್ನು ಆಮೇಲೆ ಪರಿಶೀಲಿಸುವ ನಿಬಂಧನೆಯಾಗಿ ಉಳಿಸದೆ ಲಭ್ಯತೆಯ ವ್ಯಾಖ್ಯೆಯಲ್ಲಿಯೇ ಸೇರಿಸಿದ್ದು ಅದರ ವೈಶಿಷ್ಟ್ಯ. ಸರಳತೆ, ಉಪಯುಕ್ತತೆಗಳ ಜೊತೆಗೆ ಸಾಧಿತ ಶುದ್ಧತೆಯನ್ನೂ 2003ರ ಪ್ರಬಂಧದ ಶೀರ್ಷಿಕೆಯೇ ಸಾರುತ್ತದೆ. ಶ್ರೀಕಾಂತ್ ಮತ್ತು ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿಯು 2002ರಲ್ಲಿ ಪ್ರಕಟವಾಗಿ 2007ರಲ್ಲಿ ಎರಡನೆಯ ಆವೃತ್ತಿ ಕಂಡಿತು.

ಆದರೆ ಒಂದೊಂದು ಸುತ್ತನ್ನು ಬಿಡಿಯಾಗಿ ಶುದ್ಧವೆಂದು ಸಾಧಿಸಿದರೆ ಸಾಲದೆಂಬುದು 1990ರ ದಶಕದಲ್ಲಿಯೇ ಬೆಳಕಿಗೆ ಬಂದಿತ್ತು. ಸೈಟ್ರನ್ ಮತ್ತು ಸಂಗಡಿಗರು 1991ರಲ್ಲಿ ಪೂರ್ಣವಾಗಿ ನಿರೂಪಿಸಿದ ಎಸ್‌ಎಸ್‌ಎ ರೂಪದಲ್ಲಿ ಪ್ರತಿಯೊಂದು ಚರಾಕ್ಷರಕ್ಕೂ ಒಂದೇ ಕಡೆ ಮೌಲ್ಯ ದೊರೆಯುತ್ತದೆ. ಹಾದಿಗಳು ಕೂಡುವಲ್ಲಿ ಯಾವ ಹಾದಿಯಿಂದ ಬಂದರೆ ಯಾವ ಮೌಲ್ಯವೆಂದು ಹೇಳುವ ಫೈ ಎಂಬ ಗುರುತನ್ನು ಇಡಲಾಗುತ್ತದೆ. ಯಂತ್ರಕ್ಕೆ ಫೈ ತಿಳಿಯದು. ಆದುದರಿಂದ ಕೊನೆಯಲ್ಲಿ ಪ್ರತಿಯೊಂದು ಫೈ ಗುರುತನ್ನೂ ಹಿಂದಿನ ಖಂಡದ ತುದಿಯಲ್ಲಿ ಒಂದು ನಕಲು ಆದೇಶವಾಗಿ ಬದಲಿಸುವುದು ಮೂಲ ಪ್ರಬಂಧ ಸೂಚಿಸಿದ ದಾರಿ. ಲೂಪಿನಲ್ಲಿ ಎರಡು ಚರಾಕ್ಷರಗಳ ಮೌಲ್ಯವನ್ನು ಅದಲುಬದಲು ಮಾಡುವ ಕ್ರಮವಿಧಿಯನ್ನು ನೆನೆಯಬಹುದು. ಒಂದು ಪಾತ್ರೆಯ ಹಾಲನ್ನೂ ಇನ್ನೊಂದರ ಮಜ್ಜಿಗೆಯನ್ನೂ ಬದಲಿಸಲು ಮೂರನೆಯ ಪಾತ್ರೆ ಬೇಕು. ಬರೆದವನು ಅದನ್ನು ಇಟ್ಟೇ ಇರುತ್ತಾನೆ. ಎಸ್‌ಎಸ್‌ಎ ರೂಪಕ್ಕೆ ಬಂದ ಬಳಿಕ ನಕಲುಗಳನ್ನು ಅಳಿಸುವ ಸುತ್ತು ಆ ಮೂರನೆಯ ಪಾತ್ರೆಯನ್ನು ಅನಾವಶ್ಯಕವೆಂದು ತೆಗೆದುಹಾಕುತ್ತದೆ. ಅದು ತಪ್ಪಲ್ಲ, ಏಕೆಂದರೆ ಫೈ ಗುರುತುಗಳೆಲ್ಲ ಏಕಕಾಲಕ್ಕೆ ನಡೆಯುತ್ತವೆಂಬುದು ನಿಯಮ. ಕೊನೆಯ ಸುತ್ತು ಫೈ ಗುರುತುಗಳನ್ನು ಒಂದಾದ ಮೇಲೊಂದು ನಕಲಾಗಿ ಬರೆಯುತ್ತದೆ. ಬಿಡಿಯಾಗಿ ನೋಡಿದರೆ ಅದೂ ತಪ್ಪಾಗಿ ಕಾಣದು. ಎರಡೂ ಸೇರಿದಾಗ ಹಾಲು ಹೋಗಿ ಎರಡು ಪಾತ್ರೆಗಳಲ್ಲಿಯೂ ಮಜ್ಜಿಗೆಯೇ ಉಳಿಯುತ್ತದೆ. ಬ್ರಿಗ್ಸ್, ಕೂಪರ್, ಹಾರ್ವೆ ಮತ್ತು ಸಿಂಪ್ಸನ್ 1998ರಲ್ಲಿ ಇದನ್ನೂ, ಇದರ ಸೋದರಿಯಂತಿದ್ದ ನಕಲು ಕಳೆದುಹೋಗುವ ಸಮಸ್ಯೆಯನ್ನೂ ಹೆಸರಿಟ್ಟು ವಿವರಿಸಿ ಪರಿಹಾರ ಸೂಚಿಸಿದರು. ಏಕಕಾಲಿಕತೆ ಎಂಬ ಒಂದು ಮಾತನ್ನು ಒಂದು ಸುತ್ತು ನಂಬಿತ್ತು, ಇನ್ನೊಂದು ಮರೆತಿತ್ತು.

ದೋಷವಿರುವ ಸುತ್ತನ್ನು ಹುಡುಕುವ ಕೆಲಸವನ್ನೂ ಯಂತ್ರಕ್ಕೇ ವಹಿಸಿದ ಪ್ರಯತ್ನಗಳಲ್ಲಿ ಡೇವಿಡ್ ವಾಲಿ ಅವರು 1994ರಲ್ಲಿ ಪ್ರಕಟಿಸಿದ ವಿಧಾನ ಮುಖ್ಯವಾದುದು. ಕಂಪೈಲರ್ ಮಾಡುವ ಪರಿಷ್ಕಾರಗಳನ್ನು ಒಂದು, ಎರಡು ಎಂದು ಎಣಿಸುತ್ತ, ನಿಗದಿಯಾದ ಸಂಖ್ಯೆಯ ನಂತರದವನ್ನು ತಡೆಹಿಡಿದು, ಫಲಿತಾಂಶ ಸರಿಯಿದ್ದರೆ ಮುಂದಿನ ಅರ್ಧವನ್ನೂ ಕೆಟ್ಟಿದ್ದರೆ ಹಿಂದಿನ ಅರ್ಧವನ್ನೂ ಸೀಳುತ್ತ ಹೋಗುವುದು ಅದರ ರೀತಿ. ಸಾವಿರ ಪರಿಷ್ಕಾರಗಳಲ್ಲಿ ಕೆಡಿಸಿದ ಒಂದನ್ನು ಹತ್ತು ಪ್ರಯತ್ನಗಳಲ್ಲಿ ಹಿಡಿಯಬಹುದು. ಎಲ್‌ಎಲ್‌ವಿಎಂ ಕಂಪೈಲರಿಗೆ 2016ರಲ್ಲಿ ಇದೇ ತತ್ತ್ವದ ಸೌಲಭ್ಯ ಸೇರಿತು. ದೋಷ ತೋರಿಸುವ ಕ್ರಮವಿಧಿಯನ್ನೇ ಕಿರಿದುಗೊಳಿಸುವ ವಿಧಾನವನ್ನು ಝೆಲ್ಲರ್ ಮತ್ತು ಹಿಲ್ಡೆಬ್ರಾಂಟ್ 2002ರಲ್ಲಿ ವ್ಯವಸ್ಥಿತಗೊಳಿಸಿದರು. ಆದರೆ ಸೀಳಿ ಹುಡುಕುವ ವಿಧಾನಕ್ಕೆ ಒಂದು ಮಿತಿಯಿದೆ. ಅದು ತೋರಿಸುವುದು ಫಲಿತಾಂಶ ಕೆಟ್ಟ ಕ್ಷಣವನ್ನು, ಕೆಡಲು ಕಾರಣವಾದ ಕೈಯನ್ನಲ್ಲ. ಮೇಲಿನ ನಿದರ್ಶನದಲ್ಲಿ ಮೂರನೆಯ ಪಾತ್ರೆಯನ್ನು ತೆಗೆದ ನಿರಪರಾಧಿ ಸುತ್ತೇ ಸಿಕ್ಕಿಬೀಳುತ್ತದೆ. ಸುಳ್ಳು ಹೇಳಿದ ವಿಶ್ಲೇಷಣೆಯು ಸ್ವತಃ ಯಾವ ಆದೇಶವನ್ನೂ ಬದಲಿಸದ ಕಾರಣ ಈ ಜಾಲಕ್ಕೆ ಬೀಳುವುದೇ ಇಲ್ಲ. ಅದರ ಮಾತನ್ನು ನಂಬಿದ ಪರಿಷ್ಕಾರ ಬೀಳುತ್ತದೆ.

ದೋಷಗಳ ವ್ಯಾಪ್ತಿ ಎಷ್ಟೆಂಬುದು ಯೂಟಾ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನಗಳಿಂದ ತಿಳಿದುಬಂದಿತು. 2008ರಲ್ಲಿ ಎರಿಕ್ ಐಡ್ ಮತ್ತು ಜಾನ್ ರೆಗೆರ್ ಅವರು ಪರೀಕ್ಷಿಸಿದ 13 ಸಿ ಕಂಪೈಲರುಗಳಲ್ಲಿ ಪ್ರತಿಯೊಂದೂ, ಮುಟ್ಟಬಾರದೆಂದು ಬರೆದವನು ಸೂಚಿಸಿದ ವೋಲಟೈಲ್ ಚರಾಕ್ಷರಗಳ ವಿಷಯದಲ್ಲಿ ಎಲ್ಲಿಯಾದರೂ ತಪ್ಪಿತ್ತು. ಮನಬಂದಂತೆ, ಆದರೆ ಸಿ ಭಾಷೆಯ ನಿಯಮ ಮೀರದಂತೆ ಕ್ರಮವಿಧಿಗಳನ್ನು ಹೊಸೆಯುವ ಸಿಸ್ಮಿತ್ ಎಂಬ ಸಾಧನದಿಂದ ಮೂರು ವರ್ಷಗಳಲ್ಲಿ 325ಕ್ಕೂ ಹೆಚ್ಚು ಹೊಸ ದೋಷಗಳು ದೊರೆತುವೆಂದು 2011ರಲ್ಲಿ ವರದಿಯಾಯಿತು. ಅದೇ ಅಧ್ಯಯನದಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಝೇವಿಯರ್ ಲೆರಾಯ್ ಅವರ ನೇತೃತ್ವದಲ್ಲಿ ರೂಪುಗೊಂಡ ಕಾಂಪ್‌ಸರ್ಟ್ ಕಂಪೈಲರಿನ ಸ್ಥಿತಿ ಬೇರೆಯಾಗಿತ್ತು. ಪ್ರತಿಯೊಂದು ಸುತ್ತೂ ಅರ್ಥವನ್ನು ಕೆಡಿಸುವುದಿಲ್ಲವೆಂಬುದನ್ನು ಕಾಕ್ ಎಂಬ (2025ರಿಂದ ರಾಕ್ ಎಂದು ಹೆಸರು ಬದಲಿಸಿಕೊಂಡ) ಸಾಧನದಲ್ಲಿ ಯಂತ್ರಪರೀಕ್ಷಿತವಾಗಿ ಸಾಧಿಸಿದ ಕಂಪೈಲರ್ ಅದು. ಅದರಲ್ಲಿ ಸಿಕ್ಕ ದೋಷಗಳು ಸಾಧನೆಗೆ ಒಳಪಡದ ಭಾಗಗಳಲ್ಲಿದ್ದವು. ಆರು ವರ್ಷಗಳಷ್ಟು ಯಂತ್ರಕಾಲವನ್ನು ವ್ಯಯಿಸಿದರೂ ಪರಿಷ್ಕಾರದ ಸುತ್ತುಗಳಲ್ಲಿ ತಪ್ಪು ಸಿಗಲಿಲ್ಲ. ಕಾಂಪ್‌ಸರ್ಟ್‌ನಲ್ಲಿ ದತ್ತಾಂಶ ಪ್ರವಾಹದ ಸಮೀಕರಣಗಳನ್ನು ಬಿಡಿಸುವ ಭಾಗಕ್ಕೆ ಇಟ್ಟ ಹೆಸರು ಕಿಲ್ಡಾಲ್.

ಅಲ್ಲಿ ಒಪ್ಪಂದಗಳೆಲ್ಲ ಬರವಣಿಗೆಯಲ್ಲಿದ್ದವು. ಲೋಕಬಳಕೆಯ ಕಂಪೈಲರುಗಳಲ್ಲಿ ಹಾಗಿರಲಿಲ್ಲವೆಂಬುದಕ್ಕೆ 2017ರಲ್ಲಿ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ, ಯೂಟಾ, ಮೈಕ್ರೋಸಾಫ್ಟ್ ರಿಸರ್ಚ್ ಮೊದಲಾದ ಕಡೆಗಳ ಸಂಶೋಧಕರು ಕೊಟ್ಟ ನಿದರ್ಶನ ವಿವರವಾಗಿ ನೋಡತಕ್ಕದ್ದು. ಎಲ್‌ಎಲ್‌ವಿಎಂನ ಒಳಭಾಷೆಯಲ್ಲಿ ಮಿತಿಮೀರಿದ ಲೆಕ್ಕದಂಥ ಅಕ್ರಮಗಳ ಫಲಕ್ಕೆ ಪಾಯ್ಸನ್, ಎಂದರೆ ವಿಷಮೌಲ್ಯ, ಎಂಬ ಗುರುತಿದೆ. ಇಂಥ ಮೌಲ್ಯವನ್ನು ನೋಡಿ ಕವಲೊಡೆಯಬೇಕಾದರೆ ಏನಾಗಬೇಕು? ಲೂಪಿನ ಒಳಗಿನ ಷರತ್ತನ್ನು ಹೊರಗೆ ತರುವ ಸುತ್ತೊಂದಿದೆ. ಲೂಪ್ ಒಮ್ಮೆಯೂ ನಡೆಯದ ಸಂದರ್ಭದಲ್ಲಿ ಮೂಲದಲ್ಲಿ ಪರೀಕ್ಷಿಸದ ಷರತ್ತನ್ನು ಹೊಸ ರೂಪದಲ್ಲಿ ಪರೀಕ್ಷಿಸಬೇಕಾಗುತ್ತದೆ. ಆದುದರಿಂದ ವಿಷಮೌಲ್ಯದ ಮೇಲಿನ ಕವಲು ನಿರಪಾಯಕಾರಿಯಾಗಿ, ಯಾವುದಾದರೊಂದು ಹಾದಿ ಹಿಡಿಯುವಂತಿರಬೇಕು. ಸಮಾನ ಮೌಲ್ಯಗಳನ್ನು ಗುರುತಿಸುವ ಇನ್ನೊಂದು ಸುತ್ತು, ಎರಡು ಮೌಲ್ಯಗಳು ಸಮವೆಂದು ಪರೀಕ್ಷಿಸಿ ಹೊಕ್ಕ ಹಾದಿಯಲ್ಲಿ ಒಂದರ ಬದಲು ಇನ್ನೊಂದನ್ನು ಬಳಸುತ್ತದೆ. ಆ ಇನ್ನೊಂದು ವಿಷಮೌಲ್ಯವಾಗಿದ್ದರೆ ಕ್ರಮವಿಧಿ ಕೆಡುತ್ತದೆ. ಅದು ಸರಿಯಾಗಬೇಕಾದರೆ ವಿಷಮೌಲ್ಯದ ಮೇಲಿನ ಕವಲು ಸಂಪೂರ್ಣ ನಿಷಿದ್ಧವಾಗಿರಬೇಕು. ಎರಡೂ ಸುತ್ತುಗಳು ತಮ್ಮ ತಮ್ಮ ವ್ಯಾಖ್ಯೆಯಂತೆ ಶುದ್ಧ; ಎರಡನ್ನೂ ಶುದ್ಧವಾಗಿಸುವ ಒಂದು ವ್ಯಾಖ್ಯೆ ಇಲ್ಲ. ಇಂಥ ಕಡೆ ಒಂದು ಸುತ್ತಿನ ಸಾಲುಗಳನ್ನು ಎಷ್ಟು ಸಲ ಓದಿದರೂ ತಪ್ಪು ಕಾಣದು, ಏಕೆಂದರೆ ತಪ್ಪು ಆ ಸಾಲುಗಳಲ್ಲಿಲ್ಲ. ವಿಷಮೌಲ್ಯವನ್ನು ಯಾವುದಾದರೊಂದು ಸ್ಥಿರಮೌಲ್ಯವಾಗಿ ಹೆಪ್ಪುಗಟ್ಟಿಸುವ ಫ್ರೀಜ್ ಎಂಬ ಹೊಸ ಆದೇಶವನ್ನು ಆ ಸಂಶೋಧಕರು ಸೂಚಿಸಿದರು. 2020ರಲ್ಲಿ ಬಂದ ಎಲ್‌ಎಲ್‌ವಿಎಂ 10ನೆಯ ಆವೃತ್ತಿಯಲ್ಲಿ ಅದು ಸ್ಥಾನ ಪಡೆಯಿತು.

ಒಪ್ಪಂದವನ್ನು ಬರೆದಿಟ್ಟು ಯಂತ್ರದಿಂದಲೇ ಪರೀಕ್ಷಿಸುವ ಪ್ರಯತ್ನ 2015ರ ಅಲೈವ್ ಸಾಧನದಿಂದ ಎಲ್‌ಎಲ್‌ವಿಎಂ ಬಳಗದೊಳಕ್ಕೆ ಬಂದಿತ್ತು. ನೂನೋ ಲೋಪೆಸ್, ಡೇವಿಡ್ ಮೆನೆಂಡೆಜ್, ರೆಗೆರ್ ಅವರೊಡನೆ ಇದನ್ನು ರೂಪಿಸಿದ ಸಂತೋಷ್ ನಾಗರಕಟ್ಟೆ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪೈಲರ್ ಸಂಶೋಧನೆ ನಡೆಸಿದವರು. ಬಳಕೆಯಲ್ಲಿದ್ದ 300ಕ್ಕೂ ಹೆಚ್ಚು ಪುಟ್ಟ ಪರಿಷ್ಕಾರಗಳನ್ನು ಅಲೈವ್‌ನ ಭಾಷೆಗೆ ತಂದಾಗ ಅವುಗಳಲ್ಲಿ ಎಂಟು ತಪ್ಪೆಂದು ತಿಳಿಯಿತು. 2021ರಲ್ಲಿ ಪ್ರಕಟವಾದ ಅಲೈವ್2, ಪರಿಷ್ಕಾರಕ್ಕೆ ಮುಂಚಿನ ಮತ್ತು ಬಳಿಕದ ರೂಪಗಳನ್ನು ನೇರವಾಗಿ ಹೋಲಿಸಿ 47 ಹೊಸ ದೋಷಗಳನ್ನು ಹೊರತೆಗೆಯಿತು. ಒಳಭಾಷೆಯ ನಿಯಮಗಳನ್ನು ವಿವರಿಸುವ ಎಲ್‌ಎಲ್‌ವಿಎಂ ಭಾಷಾ ಕೈಪಿಡಿಗೇ ಆ ಕೆಲಸದ ಫಲವಾಗಿ ಎಂಟು ತಿದ್ದುಪಡಿಗಳಾದವು. ದೋಷಶೋಧನೆಯಿಂದ ತಿದ್ದಿಸಿಕೊಂಡದ್ದು ತಂತ್ರಾಂಶವಷ್ಟೇ ಅಲ್ಲ, ಅದರ ವ್ಯಾಕರಣವೂ ಕೂಡ.

ಇಷ್ಟಾದರೂ ವಿಶ್ಲೇಷಣೆಯ ಮೌನ, ಎಂದರೆ ಎರಡನೆಯ ಬಗೆಯ ತಪ್ಪು, ಪರೀಕ್ಷೆಗೆ ಒಳಪಡದೆಯೇ ಉಳಿದಿತ್ತು. ಜುಬಿ ತನೇಜಾ, ಝೆಂಗ್ಯಾಂಗ್ ಲಿಯು ಮತ್ತು ರೆಗೆರ್ ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಕೈಗೆತ್ತಿಕೊಂಡಿತು. ಒಂದು ಕ್ರಮವಿಧಿಯ ತುಣುಕಿಗೆ ಒಂದು ವಿಶ್ಲೇಷಣೆ ಹೇಳಬಹುದಾದ ಅತ್ಯಂತ ಖಚಿತವಾದ ನಿಜವನ್ನು ತರ್ಕಸಾಧಕವೊಂದರಿಂದ ಲೆಕ್ಕಹಾಕಿಸಿ, ಎಲ್‌ಎಲ್‌ವಿಎಂ ವಿಶ್ಲೇಷಣೆ ಹೇಳಿದ್ದರೊಡನೆ ಅದನ್ನು ತಾಳೆನೋಡುವುದು ಅವರ ಕ್ರಮ. ಕಂಪೈಲರ್ ನಡೆಯುವಾಗಲೇ ಬಳಸಲಾಗದಷ್ಟು ನಿಧಾನದ ವಿಧಾನವಿದು. ಪಕ್ಕಕ್ಕಿಟ್ಟು ದೋಷ ಹುಡುಕಲಷ್ಟೇ ಸಲ್ಲುತ್ತದೆ. ಹಿಂದೆ ಸರಿಪಡಿಸಿದ್ದ ಸುಳ್ಳುಗಳನ್ನು ಬೇಕೆಂದೇ ಮತ್ತೆ ಸೇರಿಸಿ ನೋಡಿದಾಗ ವಿಧಾನವು ಅವನ್ನು ಹಿಡಿಯಿತು. ಹೊಸ ಸುಳ್ಳು ಒಂದೂ ದೊರೆಯಲಿಲ್ಲ. ಹೇಳಬಹುದಾಗಿದ್ದೂ ಹೇಳದೆ ಉಳಿದ ಸಂಗತಿಗಳು ಹಲವು ದೊರೆತವು. ಅವುಗಳಲ್ಲಿ ಕೆಲವನ್ನು ಎಲ್‌ಎಲ್‌ವಿಎಂನಲ್ಲಿ ಸರಿಪಡಿಸಲಾಯಿತು.